‘ಬ್ರೇಕ್ ಫೇಲ್’ ಆಗುವ ಮೊದಲು: ಘಾಟಿ ಇಳಿಯುವ ಭಾರ ಮತ್ತು ನಮ್ಮ ಅವಸರ

2025ರ ಜನವರಿ ತಿಂಗಳ ಎರಡು ಮುಂಜಾವುಗಳನ್ನು ನೆನಪಿಸಿಕೊಳ್ಳೋಣ. ಜನವರಿ 6ರಂದು ಕೇರಳದ ಇಡುಕ್ಕಿ ಜಿಲ್ಲೆಯ ಪುಲ್ಲುಪಾರದ ಬಳಿ, ತಂಜಾವೂರು ಪ್ರವಾಸ ಮುಗಿಸಿ ಮಾವೇಲಿಕ್ಕರಕ್ಕೆ ಹಿಂದಿರುಗುತ್ತಿದ್ದ ಬಸ್ಸೊಂದು ಘಟ್ಟ ಇಳಿಯುವಾಗ ಕಮರಿಗೆ ಉರುಳಿ ನಾಲ್ವರು ಅಸುನೀಗಿದರು. ಬ್ರೇಕ್ ಹಿಡಿಯಲಿಲ್ಲ ಎಂಬುದು ಚಾಲಕನ ಹೇಳಿಕೆಯಾಗಿತ್ತು. ಜನವರಿ 22ರಂದು ನಮ್ಮದೇ ಉತ್ತರ ಕನ್ನಡದ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಕಂದಕಕ್ಕೆ ಬಿದ್ದು ಹತ್ತು ಮಂದಿ ವ್ಯಾಪಾರಿಗಳು ಮೃತಪಟ್ಟರು. ಎದುರಿನ ವಾಹನಕ್ಕೆ ದಾರಿ ಬಿಡಲು ಹೋಗಿ ಲಾರಿ ರಸ್ತೆಯ ಅಂಚು ಬಿಟ್ಟಿತೆಂದು ವರದಿಯಾಯಿತು.

ಎರಡೂ ಘಟನೆಗಳ ಕಾರಣ ಒಂದೇ ಅಲ್ಲ. ಆದರೆ ಎರಡರಲ್ಲೂ ಇದ್ದ ಸಂಗತಿಗಳು ಒಂದೇ: ಜನ ಅಥವಾ ಸರಕು ತುಂಬಿದ ಭಾರದ ವಾಹನ, ಬೆಳಗಾಗುವ ಹೊತ್ತು, ಘಟ್ಟದ ದಾರಿ, ಮುಟ್ಟಲೇಬೇಕಾದ ಒಂದು ಸಮಯ. ಇಂಥ ಪ್ರತಿ ಅವಘಡದ ಮರುದಿನ ‘ಬ್ರೇಕ್ ಫೇಲ್’ ಅಥವಾ ‘ಚಾಲಕನ ನಿರ್ಲಕ್ಷ್ಯ’ ಎಂಬ ಎರಡು ಶಬ್ದಗಳಲ್ಲಿ ವಿಷಯ ಮುಗಿದುಹೋಗುತ್ತದೆ. ಕರಾವಳಿಯವರಾದ ನಮಗೆ ಇದು ದೂರದ ವಿಷಯವೇ? ಬೆಂಗಳೂರಿಗಾಗಲಿ, ಮೈಸೂರಿಗಾಗಲಿ, ವೆಲಂಕಣಿ ಯಾತ್ರೆಗಾಗಲಿ, ಘಟ್ಟ ಹತ್ತಿ ಇಳಿಯದೆ ನಮಗೆ ದಾರಿಯಿಲ್ಲ. ಜನವರಿಯ ಅತ್ತೂರು ಜಾತ್ರೆಗೆ ಘಟ್ಟದ ಮೇಲಿನ ಭಕ್ತಾದಿಗಳು ಇದೇ ದಾರಿಗಳಲ್ಲಿ ಇಳಿದು ಬರುತ್ತಾರೆ. ಆದ್ದರಿಂದ ಆ ಎರಡು ಶಬ್ದಗಳ ಹಿಂದೆ ಏನಿದೆ ಎಂದು ತಿಳಿಯುವುದು ನಮ್ಮ ಕರ್ತವ್ಯ.

ಬ್ರೇಕ್ ಎಂದರೆ ಬಿಸಿ

ಬ್ರೇಕ್ ವೇಗವನ್ನು ಎಲ್ಲಿಗೂ ಕಳುಹಿಸುವುದಿಲ್ಲ, ಅದನ್ನು ಬಿಸಿಯಾಗಿ ಮಾರ್ಪಡಿಸುತ್ತದೆ, ಅಷ್ಟೇ. 10 ಟನ್ ತೂಕದ ಬಸ್ಸೊಂದು 600 ಮೀಟರ್ ಎತ್ತರದಿಂದ ಕೆಳಗಿಳಿಯಿತೆನ್ನಿ. ಅಷ್ಟನ್ನೂ ಬ್ರೇಕ್ ಒಂದರಿಂದಲೇ ತಡೆದರೆ ಹುಟ್ಟುವ ಬಿಸಿ, 200 ಲೀಟರಿನ ಒಂದು ಡ್ರಮ್ ತುಂಬ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಅಷ್ಟೂ ಬಿಸಿಯನ್ನು ಚಕ್ರಗಳೊಳಗಿನ ಕೆಲವೇ ಲೈನರುಗಳು ಅರ್ಧ ತಾಸಿನಲ್ಲಿ ತಾಳಬೇಕು.

ತಾಳದಿದ್ದರೆ? ಲೈನರ್ ಕಾದು ಅದರ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಡ್ರಮ್ ಕಾದು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಕಾರು, ವ್ಯಾನುಗಳಲ್ಲಿ ಬ್ರೇಕ್ ಆಯಿಲ್ ಕುದಿದು ಆವಿಯಾದರೆ ಪೆಡಲ್ ಹತ್ತಿಯ ಮೂಟೆಯನ್ನು ತುಳಿದಂತೆ ಕೆಳಗೆ ಹೋಗುತ್ತದೆ. ಸಾಮಾನ್ಯವಾಗಿ ಬಳಸುವ ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ಅದೇ ಆಯಿಲ್ ಗಾಳಿಯ ತೇವ ಹೀರಿಕೊಂಡ ಬಳಿಕ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ನಮ್ಮ ಕರಾವಳಿಯ ತೇವದ ಹವೆಯಲ್ಲಿ ವರ್ಷಗಟ್ಟಲೆ ಆಯಿಲ್ ಬದಲಿಸದ ವಾಹನ ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಅದರ ಪರೀಕ್ಷೆ ನಡೆಯುವುದು ಘಾಟಿಯಲ್ಲಿ. ಏರ್ ಬ್ರೇಕ್ ಇರುವ ಬಸ್ಸು, ಲಾರಿಗಳಲ್ಲಿ ಮೇಲಿಂದ ಮೇಲೆ ತುಳಿದರೆ ಗಾಳಿಯ ಒತ್ತಡವೇ ಮುಗಿಯುತ್ತಾ ಬರುತ್ತದೆ.

ಹೀಗಾಗಿ ಬ್ರೇಕ್ ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಫೇಲ್ ಆಗುವುದು ಅಪರೂಪ. ಅದು ಹಿಂದಿನ ಏಳೆಂಟು ಕಿಲೋಮೀಟರುಗಳಲ್ಲಿ ನಿಧಾನವಾಗಿ ಸೋತಿರುತ್ತದೆ. ಕಾಣಿಸಿಕೊಳ್ಳುವುದು ಮಾತ್ರ ಕೊನೆಯ ತಿರುವಿನಲ್ಲಿ.

ಡೀಸೆಲ್ ಉಳಿಸಲು ಹೋಗಿ

ಹಳೆಯ ಚಾಲಕರ ಸೂತ್ರವೊಂದಿದೆ: ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಕೆಳ ಗೇರಿನಲ್ಲಿ ಎಂಜಿನ್ ತಾನೇ ವಾಹನವನ್ನು ಹಿಂದಕ್ಕೆ ಹಿಡಿದಿಡುತ್ತದೆ. ಬ್ರೇಕಿಗೆ ಉಳಿಯುವುದು ಸಣ್ಣ ಕೆಲಸ. ಆದರೆ ಆ ಗೇರನ್ನು ಇಳಿಜಾರು ಆರಂಭವಾಗುವ ಮೊದಲೇ ಹಾಕಿಕೊಳ್ಳಬೇಕು. ವೇಗ ಏರಿದ ಮೇಲೆ ಹಾಕಲು ಹೋದರೆ ಭಾರದ ವಾಹನದಲ್ಲಿ ಗೇರ್ ಬೀಳದೆ ನ್ಯೂಟ್ರಲಿನಲ್ಲೇ ಉಳಿಯುವ ಅಪಾಯವಿದೆ. ಬ್ರೇಕನ್ನು ಸದಾ ಮೆಲ್ಲಗೆ ಒತ್ತಿಹಿಡಿದುಕೊಂಡೇ ಇಳಿಯುವುದೂ ತಪ್ಪು. ವೇಗ ಮಿತಿ ಮುಟ್ಟಿದಾಗ ಗಟ್ಟಿಯಾಗಿ ಒತ್ತಿ, ಗಂಟೆಗೆ ಎಂಟು ಹತ್ತು ಕಿ.ಮೀ. ಇಳಿಸಿ, ಪೂರ್ತಿ ಬಿಡಬೇಕು. ಬಿಟ್ಟ ಆ ಹೊತ್ತಿನಲ್ಲಿ ಬ್ರೇಕಿಗೆ ತಣಿಯಲು ಅವಕಾಶ ಸಿಗುತ್ತದೆ.

ಇದಕ್ಕೆ ತೀರಾ ವಿರುದ್ಧವಾದುದು ಡೀಸೆಲ್ ಉಳಿಸಲು ನ್ಯೂಟ್ರಲಿನಲ್ಲಿ, ಕೆಲವೊಮ್ಮೆ ಎಂಜಿನ್ ಆಫ್ ಮಾಡಿಯೇ ಇಳಿಯುವ ಅಭ್ಯಾಸ. ಎಂಜಿನ್ ನಿಂತರೆ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. 2022ರ ನವೆಂಬರ್ 20ರ ರಾತ್ರಿ ಪುಣೆಯ ನವಲೆ ಸೇತುವೆಯ ಬಳಿ ಲಾರಿಯೊಂದು ಇಳಿಜಾರಿನಲ್ಲಿ ಹತ್ತಾರು ವಾಹನಗಳಿಗೆ ಅಪ್ಪಳಿಸಿತು. ಇಂಧನ ಉಳಿಸಲು ಚಾಲಕ ಎಂಜಿನ್ ಆಫ್ ಮಾಡಿದ್ದನೆಂಬುದು ಪೊಲೀಸರ ಪ್ರಾಥಮಿಕ ಅಭಿಪ್ರಾಯವಾಗಿತ್ತು. ಉಳಿಯುವುದು ಒಂದೆರಡು ಲೀಟರ್ ಡೀಸೆಲ್. ಕಳೆದುಕೊಳ್ಳುವುದು ಏನೆಂದು ಹೇಳಬೇಕಿಲ್ಲ.

ಒಳ್ಳೆಯ ರಸ್ತೆಯೂ ಒಂದು ಪರೀಕ್ಷೆ

ನಮ್ಮ ಜಿಲ್ಲೆಗಳನ್ನು ಘಟ್ಟದ ಮೇಲಿನ ನಾಡಿಗೆ ಜೋಡಿಸುವ ದಾರಿಗಳು ಕೆಲವೇ: ಶಿರಾಡಿ, ಚಾರ್ಮಾಡಿ, ಸಂಪಾಜೆ, ಆಗುಂಬೆ ಮುಂತಾದವು. ಇವುಗಳಲ್ಲಿ ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಭಾರಿ ಸರಕು ವಾಹನಗಳಿಗೆ ಬಹುಕಾಲದಿಂದ ನಿರ್ಬಂಧವಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಭೂಕುಸಿತದಿಂದ ಸಂಪಾಜೆ ದಾರಿ ಮುಚ್ಚಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿಯಿತು. 2024ರ ಜುಲೈಯಲ್ಲಿ ಸಕಲೇಶಪುರ ಸಮೀಪದ ದೊಡ್ಡತೊಪ್ಪಲು ಬಳಿ ಗುಡ್ಡ ಜರಿದು ಶಿರಾಡಿ ಸಂಚಾರ ಸ್ಥಗಿತಗೊಂಡಿತು. ಒಂದು ಘಾಟಿ ಮುಚ್ಚಿದಾಗ ಅದರ ಭಾರವೆಲ್ಲ ಇನ್ನೊಂದರ ಮೇಲೆ ಬೀಳುತ್ತದೆ. ಪರಿಚಯವಿಲ್ಲದ ದಾರಿಯಲ್ಲಿ, ಮಳೆಯಲ್ಲಿ, ಮಂಜಿನಲ್ಲಿ, ಸಾಲುಗಟ್ಟಿದ ಲಾರಿಗಳ ನಡುವೆ ಚಾಲಕ ಇಳಿಯಬೇಕಾಗುತ್ತದೆ.

ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಯಾಗಿಲ್ಲ. ಶಿರಾಡಿ ಘಾಟಿಗೆ 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟ್ ಹಾಕಲಾಯಿತು. ಅದಕ್ಕಾಗಿ ನಾವೆಲ್ಲ ವರ್ಷಗಟ್ಟಲೆ ಒತ್ತಾಯಿಸಿದ್ದೆವು, ಅದು ಸರಿಯೂ ಆಗಿತ್ತು. ಆದರೆ ಹೊಂಡಗಳಿದ್ದಾಗ ಹೊಂಡಗಳೇ ಬ್ರೇಕ್ ಹಾಕುತ್ತಿದ್ದವು. ರಸ್ತೆ ನುಣುಪಾದಾಗ ಆ ಕೆಲಸ ಚಾಲಕನ ವಿವೇಕದ ಪಾಲಿಗೆ ಬಂತು. ಪುಣೆಯ ನವಲೆ ಸೇತುವೆಯಾಗಲಿ, ತಮಿಳುನಾಡಿನ ಧರ್ಮಪುರಿ ಬಳಿಯ ತೊಪ್ಪೂರು ಘಾಟಿಯಾಗಲಿ ಇಕ್ಕಟ್ಟಾದ ಹಳೆಯ ರಸ್ತೆಗಳಲ್ಲ, ಅಗಲವಾದ ಹೆದ್ದಾರಿಗಳು. ಅಪಘಾತಗಳಿಗೆ ಹೆಸರಾದವೂ ಅವೇ. ಆದ್ದರಿಂದ ಅಗಲೀಕರಣ, ಸುರಂಗಗಳ ಬೇಡಿಕೆ ಇಡುವಾಗ, ಬ್ರೇಕ್ ತಪ್ಪಿದ ವಾಹನ ನುಗ್ಗಿ ನಿಲ್ಲಲು ಜಲ್ಲಿ ತುಂಬಿದ ಏರುದಾರಿ, ಘಾಟಿಯ ತುದಿಯಲ್ಲಿ ಲಾರಿಗಳು ನಿಂತು ಬ್ರೇಕ್ ಪರೀಕ್ಷಿಸುವ ಜಾಗ, ಗಟ್ಟಿಯಾದ ತಡೆಗೋಡೆ ಇವುಗಳನ್ನೂ ಜೊತೆಯಲ್ಲೇ ಕೇಳಬೇಕು.

ಅಂಥ ಏರುದಾರಿ ಇದ್ದೂ ಬಳಸದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಉದಾಹರಣೆಯಿದೆ. 2019ರ ಏಪ್ರಿಲ್ 25ರಂದು ಕೊಲೊರಾಡೊ ರಾಜ್ಯದಲ್ಲಿ, ಪರ್ವತಗಳಿಂದ ಇಳಿದು ಬಂದ ಮರದ ಸರಕಿನ ಲಾರಿಯೊಂದು ಡೆನ್ವರ್ ಬಳಿಯ ಲೇಕ್‌ವುಡ್‌ನಲ್ಲಿ ನಿಂತಿದ್ದ ವಾಹನಗಳಿಗೆ ಗುದ್ದಿತು. 28 ವಾಹನಗಳು ಸಿಲುಕಿದವು, ನಾಲ್ವರು ಸತ್ತರು. ದಾರಿಯಲ್ಲಿ ಸಿಕ್ಕಿದ ತಡೆದಾರಿಯನ್ನು ಚಾಲಕ ಬಳಸಿರಲಿಲ್ಲ. 2021ರ ಡಿಸೆಂಬರಿನಲ್ಲಿ ನ್ಯಾಯಾಲಯ ಅವನಿಗೆ 110 ವರ್ಷಗಳ ಶಿಕ್ಷೆ ವಿಧಿಸಿತು. ಜನರ ಆಕ್ಷೇಪದ ನಡುವೆ ಗವರ್ನರ್ ಅದನ್ನು 10 ವರ್ಷಕ್ಕೆ ಇಳಿಸಿದರು. ತಪ್ಪು ಒಬ್ಬನದೇ ಎಂದು ತೀರ್ಮಾನಿಸುವುದು ಎಷ್ಟು ಕಷ್ಟವೆಂಬುದಕ್ಕೂ ಈ ಪ್ರಕರಣ ಸಾಕ್ಷಿ.

ಹಿಂದೆ ಎಳೆದುಕೊಂಡು ಹೋಗುವಾಗ

ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ನಮ್ಮವರು ರಜೆಯಲ್ಲಿ ಕಾರಿನ ಹಿಂದೆ ಮನೆಯಂಥ ಕ್ಯಾಂಪರ್ ಕಟ್ಟಿಕೊಂಡು ಪರ್ವತ ಪ್ರವಾಸ ಹೋಗುವುದುಂಟು. ಇಲ್ಲಿಯೂ ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಘೋಷಿಸಿತು. ನಮ್ಮ ದೇಶದ ಕ್ಯಾರವಾನುಗಳು ಬಹುತೇಕ ಒಂದೇ ವಾಹನ. ಅವು ಇಳಿಯುವ ರೀತಿ ಬಸ್ಸಿನಂತೆಯೇ. ಆದರೆ ಜನರೇಟರ್, ದೋಣಿ, ಕಟ್ಟಿಗೆ ಹೊತ್ತ ಟ್ರೇಲರುಗಳು ನಮ್ಮಲ್ಲೂ ಇವೆ. ಅವುಗಳಲ್ಲಿ ಅನೇಕಕ್ಕೆ ಸ್ವಂತ ಬ್ರೇಕೇ ಇಲ್ಲ.

ಎಳೆಯುವ ಭಾರ ಹತ್ತುವಾಗ ಹಿಂದಕ್ಕೆ ಜಗ್ಗುತ್ತದೆ, ಇಳಿಯುವಾಗ ಮುಂದಕ್ಕೆ ದೂಡುತ್ತದೆ. ತಿರುವಿನಲ್ಲಿ ಮುಂದಿನ ವಾಹನ ಮಾತ್ರ ಬ್ರೇಕ್ ಹಾಕಿದರೆ ಟ್ರೇಲರ್ ಅದನ್ನು ಪಕ್ಕಕ್ಕೆ ಮಡಚಿ ಹಾಕಬಲ್ಲದು. ಅಮೆರಿಕದಲ್ಲಿ ಪಾಲಿಸುವ ನಿಯಮದಂತೆ ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15 ಭಾಗ ಮುಂದಿನ ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಹೇರಬೇಕು. ಭಾರವೆಲ್ಲ ಹಿಂಬದಿಯಲ್ಲಿದ್ದರೆ ಇಳಿಜಾರಿನಲ್ಲಿ ಟ್ರೇಲರ್ ಬಾಲದಂತೆ ಅಲ್ಲಾಡತೊಡಗುತ್ತದೆ. ಆಗ ವೇಗ ಹೆಚ್ಚಿಸುವುದಾಗಲಿ, ಸ್ಟೇರಿಂಗ್ ಆಚೀಚೆ ತಿರುಗಿಸುವುದಾಗಲಿ ಮಾಡಬಾರದು. ಎಕ್ಸಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ನೇರ ಹಿಡಿದು, ಟ್ರೇಲರಿಗೆ ಪ್ರತ್ಯೇಕ ಬ್ರೇಕ್ ಇದ್ದರೆ ಅದನ್ನು ಮಾತ್ರ ಹಾಕಬೇಕು.

ಹತ್ತುವಾಗಲೂ ಎಚ್ಚರ ಬೇಕು. ಕೆಳ ಗೇರಿನಲ್ಲಿ ನಿಧಾನವಾಗಿ ಏರಬೇಕು, ಎಂಜಿನ್ ಕಾಯುತ್ತಿದ್ದರೆ ಎ.ಸಿ. ನಿಲ್ಲಿಸಬೇಕು, ಕಾದ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಇಕ್ಕಟ್ಟಿನ ಘಟ್ಟದಲ್ಲಿ ಹತ್ತುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬುದು ಕಾನೂನು.

ಅವಸರ ಯಾರದು?

ಕೆಲವು ವರ್ಷಗಳ ಹಿಂದಿನ ಮಾತು. ಯಾತ್ರೆ ಮುಗಿಸಿ ಬಸ್ಸಿನಲ್ಲಿ ಚಾರ್ಮಾಡಿ ಇಳಿಯುತ್ತಿದ್ದೆವು. ಅರ್ಧ ದಾರಿಯಲ್ಲಿ ಚಾಲಕ ಅಗಲವಾದ ಜಾಗ ನೋಡಿ ಬಸ್ಸು ನಿಲ್ಲಿಸಿದ. ಸುಟ್ಟ ವಾಸನೆ ಬರುತ್ತಿತ್ತು. ಕ್ಲೀನರ್ ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟ. “ಲೈನರ್ ಕಾದಿದೆ ಫಾದರ್, ಅರ್ಧ ಗಂಟೆ ತಣಿಯಲಿ” ಎಂದ ಚಾಲಕ. ಬಸ್ಸಿನೊಳಗೆ ಗೊಣಗಾಟ ಶುರುವಾಯಿತು. ಮನೆಗೆ ಫೋನ್ ಮಾಡಿದವರೆಷ್ಟೋ. ಮರುದಿನ ಬೆಳಗ್ಗಿನ ಪೂಜೆಯ ನೆನಪಾಗಿ ಗಡಿಯಾರ ನೋಡಿದವರಲ್ಲಿ ನಾನೂ ಒಬ್ಬ. ಆ ಅರ್ಧ ಗಂಟೆಯಲ್ಲಿ ನಮ್ಮೆಲ್ಲರ ಜೀವ ಕಾಪಾಡಲು ನಿಂತಿದ್ದವನಿಗೆ ನಾವು ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಪುಲ್ಲುಪಾರದ ಸುದ್ದಿ ಓದಿದ ದಿನ ಆ ಚಾಲಕನ ಮುಖ ನೆನಪಾಯಿತು.

ಧರ್ಮಕೇಂದ್ರಗಳಿಂದ ಪ್ರವಾಸ ಏರ್ಪಡಿಸುವಾಗ ವೇಳಾಪಟ್ಟಿ ಹಾಕುವವರು ಚಾಲಕರಲ್ಲ, ನಾವು. ರಾತ್ರಿ ಊಟ ಮುಗಿಸಿ ಹೊರಟು, ಬೆಳಗ್ಗೆ ಮುಟ್ಟಿ, ಸಂಜೆ ಮತ್ತೆ ಹೊರಡುವ ಪಟ್ಟಿ ಮಾಡಿದರೆ ಘಾಟಿ ಬರುವುದು ನಿದ್ದೆಯ ಹೊತ್ತಿಗೆ. ಕಡಿಮೆ ಬಾಡಿಗೆಯ ವಾಹನ ಹುಡುಕಿದರೆ ಸವೆದ ಟಯರು, ಹಳೆಯ ಲೈನರುಗಳನ್ನು ನಾವೇ ಆರಿಸಿದಂತೆ. ಹತ್ತು ಸೀಟಿಗೆ ಹದಿನಾಲ್ಕು ಜನ, ಮೇಲೆ ಪಾತ್ರೆ, ಅಕ್ಕಿ ಮೂಟೆ ಎಂದರೆ ಬ್ರೇಕಿಗೆ ಅಷ್ಟೂ ಹೆಚ್ಚಿನ ಬಿಸಿ.

ಪಾಲನಾ ಮಂಡಳಿಗಳು, ಗುರಿಕಾರರು, ಯುವ ಸಂಘಟನೆಗಳು ಕೆಲವು ನಿರ್ಧಾರಗಳನ್ನು ಇಂದೇ ಮಾಡಬಹುದು. ದೂರದ ಪ್ರಯಾಣಕ್ಕೆ ಇಬ್ಬರು ಚಾಲಕರನ್ನು ಕೇಳಿ. ಘಾಟಿಯನ್ನು ಹಗಲಿನಲ್ಲಿ ದಾಟುವಂತೆ ಹೊರಡಿ. ಬ್ರೇಕ್ ಲೈನರ್ ಮತ್ತು ಆಯಿಲ್ ಯಾವಾಗ ಬದಲಾಯಿಸಿದ್ದೆಂದು ಮುಂಗಡ ಕೊಡುವ ಮೊದಲೇ ವಿಚಾರಿಸಿ. ಸರಕಿನ ವಾಹನದಲ್ಲಿ ಜನರನ್ನು ಕೂರಿಸಬೇಡಿ. ಘಾಟಿಯ ತುದಿಯಲ್ಲಿ ಹದಿನೈದು ನಿಮಿಷದ ಚಹಾ ವಿರಾಮವನ್ನು ವೇಳಾಪಟ್ಟಿಯಲ್ಲೇ ಬರೆಯಿರಿ. ಸುಟ್ಟ ವಾಸನೆ ಬಂದರೆ ಚಾಲಕನಿಗೆ ಹೇಳಿ. ಅವನು ನಿಲ್ಲಿಸಿದರೆ ಎಷ್ಟು ಹೊತ್ತೆಂದು ಕೇಳಬೇಡಿ. ಕಾದ ಡ್ರಮ್ಮಿಗೆ ನೀರು ಸುರಿಯಲು ಬಿಡಬೇಡಿ, ಅದು ಬಿರುಕು ಬಿಡಬಹುದು.

ಘಟ್ಟಗಳು ಕಡಿದಾಗಿರುವುದು ನಮ್ಮ ಕೈಯಲ್ಲಿಲ್ಲ. ಮಳೆ ನಮ್ಮ ಕೈಯಲ್ಲಿಲ್ಲ. ರಸ್ತೆ ಸರಕಾರದ ಕೈಯಲ್ಲಿದೆ, ಅದಕ್ಕಾಗಿ ಕೇಳುತ್ತಲೇ ಇರೋಣ. ಆದರೆ ಹೊರಡುವ ಹೊತ್ತು, ಹೇರುವ ಭಾರ, ಚಾಲಕನ ನಿದ್ದೆ, ಈ ಮೂರೂ ನಮ್ಮ ಕೈಯಲ್ಲಿವೆ. ಮುಂದಿನ ಯಾತ್ರೆಯ ಸಭೆಯಲ್ಲಿ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು, ಘಾಟಿಯನ್ನು ಎಷ್ಟು ಹೊತ್ತಿಗೆ ಇಳಿಯುತ್ತೇವೆ ಎಂದು ಯಾರಾದರೊಬ್ಬರು ಎದ್ದು ಕೇಳಲಿ.