ಉತಾರೆಯಲ್ಲಿ ಅವಳ ಹೆಸರು

ಆರಗದ ಹೊಲಗಳಲ್ಲಿ ಕಳೆ ಕಿತ್ತು, ಜೋಳ ಕೊಯ್ದು ಬೆನ್ನು ಬಾಗಿಸುವವಳು ಹೆಣ್ಣುಮಗಳು. ಸಾತ್‌ಬಾರಾ ಉತಾರೆಯಲ್ಲಿ ಮಾತ್ರ ಬಹುಮಟ್ಟಿಗೆ ಗಂಡನದೋ ಮಾವನದೋ ಹೆಸರು. ಮಳೆ ಕೈಕೊಟ್ಟರೂ, ಅಕಾಲ ಮಳೆಗೆ ದ್ರಾಕ್ಷಿ ಕೊಳೆತರೂ ಸರಕಾರದ ಪರಿಹಾರವು ಆ ಹೆಸರನ್ನೇ ಅರಸಿ ಬರುವುದು, ದುಡಿದ ಕೈಯನ್ನಲ್ಲ. ಋತುಗಳು ಹದಗೆಡುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಪತಿಯ ಸಮ್ಮತಿಯಿಂದ ಪತ್ನಿಯ ಹೆಸರನ್ನೂ ಉತಾರೆಗೆ ಸೇರಿಸುವ ‘ಲಕ್ಷ್ಮೀ ಮುಕ್ತಿ’ ಯೋಜನೆಯನ್ನು ಮಹಾರಾಷ್ಟ್ರ ಸರಕಾರವು 1992ರಲ್ಲಿಯೇ ತಂದಿತು. ಪಿತ್ರಾರ್ಜಿತ ಭೂಮಿಯಲ್ಲಿ ಮಗಳಿಗೂ ಸಮಪಾಲೆಂದು ಹಿಂದೂ ಉತ್ತರಾಧಿಕಾರ ಕಾಯಿದೆ 2005ರಲ್ಲಿ ತಿದ್ದುಪಡಿಯಾಯಿತು. ಆದರೂ ಅಣ್ಣನ ಮನಸ್ಸು ನೋಯಬಾರದೆಂದು ಹಕ್ಕು ಬಿಟ್ಟುಕೊಡುವುದೇ ನಮ್ಮಲ್ಲಿ ಒಳ್ಳೆಯ ತಂಗಿಯ ಲಕ್ಷಣ! ತವರಿನ ಸೀರೆಗೆ ಎಷ್ಟು ಗುಂಟೆ ಬೆಲೆಯೋ, ನಾನರಿಯೆ.

ಸೋದರರೆ, ಮುಂದಿನ ಸಲ ತಲಾಠಿಯ ಕಚೇರಿಗೆ ಹೊರಟಾಗ ಮನೆಯಾಕೆಯನ್ನೂ ಜೊತೆಗೆ ಕರೆದೊಯ್ಯಿರಿ.