ಮನೆಯ ಪಾಠಶಾಲೆ: ಇಂಗ್ಲೀಷಿನ ಉಚ್ಚಾರಣೆಯೂ ನಮ್ಮ ನಾಲಗೆಯೂ

ಇಂಗ್ಲೀಷನ್ನು ಚೆನ್ನಾಗಿ ಓದಿ ಬರೆಯಬಲ್ಲ ಹುಡುಗನು ಅದನ್ನು ಆಡಬೇಕಾದ ಸಮಯದಲ್ಲಿ ತುಟಿ ಬಿಗಿದು ನಿಲ್ಲುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ವ್ಯಾಕರಣ ಬಾರದೆ ನಿಲ್ಲುವವರು ಕೆಲವರು. ಹಿಂದೊಮ್ಮೆ ನಾಲ್ಕು ಜನ ನಕ್ಕರೆಂದು ನಿಲ್ಲುವವರೇ ಹೆಚ್ಚೆಂದು ನಮ್ಮ ಎಣಿಕೆ. 2007ರಿಂದ ನಮ್ಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲೀಷು ಒಂದು ಪಾಠವಾಗಿರುವುದರಿಂದ, ಈ ಅಂಜಿಕೆಯೂ ಹಾಲುಹಲ್ಲಿನ ವಯಸ್ಸಿನಲ್ಲಿಯೇ ಮೊದಲಾಗುತ್ತಿದೆ. ಇದನ್ನು ಕಳೆಯುವ ಕೆಲಸವು ಶಾಲೆಗಿಂತ ಮನೆಯಲ್ಲಿ ಸುಲಭ.

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯ ಸೀಮೆಯನ್ನೇ ತೆಗೆದುಕೊಳ್ಳಿರಿ. ಅಲ್ಲಿಯ ಆಡುನುಡಿಯಲ್ಲಿ ಪದದ ಮೊದಲಿನ ಹಕಾರವು ಸಾಮಾನ್ಯವಾಗಿ ಉಳಿಯುವುದಿಲ್ಲ. ಹಾಲು ‘ಆಲು’ ಆಗುತ್ತದೆ, ಹಳ್ಳಿ ‘ಅಳ್ಳಿ’ಯಾಗುತ್ತದೆ, ಹೂವು ‘ಊವು’. ಪೇಟೆಯವರು ಇದನ್ನು ಕೇಳಿ ನಗುವುದುಂಟು. ನಗುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಹಳಗನ್ನಡದಲ್ಲಿ ಈ ಮಾತುಗಳು ಪಾಲ್, ಪಳ್ಳಿ, ಪೂ ಎಂದಿದ್ದುವು. ಕಾಲಕ್ರಮದಲ್ಲಿ ಪಕಾರವು ಸವೆದು ಹಕಾರವಾಯಿತು. ಈ ಸೀಮೆಯವರ ಬಾಯಲ್ಲಿ ಆ ಹಕಾರವೂ ಸವೆಯಿತು. ಪೇಟೆಯವರ ಕನ್ನಡ ನಡೆದ ದಾರಿಯಲ್ಲಿಯೇ ಇದು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ, ಅಷ್ಟೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರೂ, ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರೂ ಇಂಥ ನುಡಿಯಲ್ಲಿಯೇ ಮಹಾಕಾವ್ಯಗಳನ್ನು ಕಾಪಾಡಿಕೊಂಡು ಬಂದಿರುವರು. ಆದುದರಿಂದ ಮಗುವಿನ ಕನ್ನಡವನ್ನು ತಿದ್ದುವ ಗೋಜಿಗೆ ಹೋಗತಕ್ಕುದಿಲ್ಲ.

ಇಂಗ್ಲೀಷಿನ ಮಾತು ಬೇರೆ. ಅಲ್ಲಿ ‘ಹಿಲ್’ ಎಂದರೆ ಗುಡ್ಡ, ‘ಇಲ್’ ಎಂದರೆ ಕಾಯಿಲೆ. ‘ಹೀಟ್’ ಎಂದರೆ ಕಾವು, ‘ಈಟ್’ ಎಂದರೆ ತಿನ್ನು. ಹಕಾರ ಬಿದ್ದರೆ ಅರ್ಥವೂ ಬೀಳುತ್ತದೆ. ಹಾಗೆಂದು ಈ ಹಕಾರಲೋಪವು ನಮ್ಮವರದೇ ಎಂದು ತಿಳಿಯಬೇಡಿ. ಲಂಡನ್ನಿನ ದುಡಿಯುವ ಜನರ ‘ಕಾಕ್ನಿ’ ನುಡಿಯಲ್ಲಿಯೂ ‘ಹೌಸ್’ ಎಂಬುದು ‘ಔಸ್’ ಎಂದೇ ಕೇಳಿಸುತ್ತದೆ. 1913ರಲ್ಲಿ ಮೊದಲು ರಂಗಕ್ಕೆ ಬಂದ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದಲ್ಲಿ ಹೂ ಮಾರುವ ಹುಡುಗಿಯನ್ನು ಜನರು ಹಗುರಾಗಿ ಕಾಣುವುದು ಅವಳ ಇಂಥ ಮಾತಿನಿಂದಲೇ. ಆಂಗ್ಲರ ಮಕ್ಕಳಿಗೂ ಇರುವ ತೊಡಕು ಇದೆಂದು ತಿಳಿದರೆ ನಮ್ಮ ಮಗುವಿಗೆ ಅರ್ಧ ಧೈರ್ಯ ಬಂದೀತು.

ಇನ್ನುಳಿದ ಅರ್ಧಕ್ಕೆ ಒಂದು ಕನ್ನಡಿ ಸಾಕು. ಕನ್ನಡಿಯನ್ನು ಒರೆಸುವ ಮುನ್ನ ಅದರ ಮೇಲೆ ಬಾಯಿಂದ ಬಿಸಿಯುಸಿರು ಬಿಡುವೆವಷ್ಟೆ? ಆ ಉಸಿರೇ ಹಕಾರ. ಮಗುವು ಕನ್ನಡಿಯನ್ನು ಮಬ್ಬು ಮಾಡುತ್ತ, ಆ ಉಸಿರಿನ ಬೆನ್ನಿಗೇ ‘ಇಲ್’ ಎನ್ನಲಿ. ‘ಹಿಲ್’ ತಾನಾಗಿ ಹೊರಡುತ್ತದೆ. ಕಲಿತ ಹೊಸತರಲ್ಲಿ ಹಕಾರವನ್ನು ಬೇಡದ ಕಡೆಗೂ ಅಂಟಿಸಿ ‘ಎಗ್’ ಎಂಬುದನ್ನು ‘ಹೆಗ್’ ಎಂದರೆ ಗದರಿಸಬೇಡಿ. ಅದು ನಾಲ್ಕು ದಿನದ ಉತ್ಸಾಹ. ಗಂಟೆಯೆಂಬರ್ಥದ ‘ಅವರ್’, ಪ್ರಾಮಾಣಿಕನೆಂಬರ್ಥದ ‘ಆನೆಸ್ಟ್’ ಮುಂತಾದ ಮಾತುಗಳಲ್ಲಿ ಮೊದಲ ಅಕ್ಷರವು ಬರಹಕ್ಕೆ ಮಾತ್ರ. ಇವು ಫ್ರೆಂಚಿನ ಮೂಲಕ ಬಂದವು. ಇವನ್ನು ಮಾತ್ರ ಬಾಯಿಪಾಠ ಮಾಡಿಸಬೇಕು.

ಉಳಿದ ಧ್ವನಿಗಳಿಗೆ ನಮ್ಮ ವರ್ಣಮಾಲೆಯೇ ದಾರಿ ತೋರುತ್ತದೆ. ಕ-ಗ, ತ-ದ, ಪ-ಬ ಎಂಬ ಜೋಡಿಗಳನ್ನು ಗಂಟಲಿನ ಮೇಲೆ ಬೆರಳಿಟ್ಟು ಹೇಳಿ ನೋಡಿರಿ. ಎರಡನೆಯದರಲ್ಲಿ ಗಂಟಲು ನಡುಗುತ್ತದೆ. ನಮ್ಮ ಸಕಾರಕ್ಕೆ ಇಂಥ ಜೋಡಿಯಿಲ್ಲ, ಇಂಗ್ಲೀಷಿನಲ್ಲಿ ಉಂಟು. ‘ಸ್ಸ್’ ಎಂದು ಎಳೆಯುತ್ತಲೇ ಗಂಟಲನ್ನು ನಡುಗಿಸಿದರೆ ಬರುವ ಜೇನ್ನೊಣದ ಮೊರೆತವೇ ಅದು. ಮೈಸೂರಿನ ಮೃಗಾಲಯವನ್ನು ನಾವು ‘ಜೂ’ ಎನ್ನುವಾಗ ಜಕಾರ ಮಾಡುವುದು ಈ ಧ್ವನಿಯನ್ನೇ. ಬೆಲೆಯೆಂಬ ‘ಪ್ರೈಸ್’ಗೂ ಬಹುಮಾನವೆಂಬ ‘ಪ್ರೈಜ಼್’ಗೂ ಇರುವ ಮುಖ್ಯ ಭೇದ ಈ ಮೊರೆತವೇ. ಫಕಾರದ ಕಥೆಯೂ ಹೀಗೆಯೇ. ನಮ್ಮ ಪ, ಫ ಎರಡಕ್ಕೂ ತುಟಿಗಳೆರಡೂ ಕೂಡಬೇಕು. ಅವರದಕ್ಕೆ ಮೇಲಿನ ಹಲ್ಲು ಕೆಳದುಟಿಯನ್ನು ಮುಟ್ಟಿದರೆ ಸಾಕು. ಇಲ್ಲವಾದರೆ ಕಾಫಿ ಕೇಳಿದವನು ನಕಲನ್ನು, ಅಂದರೆ ‘ಕಾಪಿ’ಯನ್ನು ಕೇಳಿದಂತಾಗುತ್ತದೆ.

ಇನ್ನೊಂದು ಚಮತ್ಕಾರವುಂಟು. ಉರಿಯುವ ಮೇಣದ ಬತ್ತಿಯನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಹಿರಿಯರೇ ಹಿಡಿದು ‘ಪಿನ್’ ಎನ್ನಲಿ. ಕನ್ನಡದ ಪಕಾರಕ್ಕೆ ಜ್ವಾಲೆಯು ಹೆಚ್ಚಾಗಿ ಅಲುಗದು. ಆಂಗ್ಲರದು ಅದನ್ನು ಅಲ್ಲಾಡಿಸುತ್ತದೆ. ಪದದ ಮೊದಲಲ್ಲಿ ಅವರು ಪ, ಟ, ಕಗಳನ್ನು ಉಸಿರು ತುಂಬಿ ನುಡಿಯುತ್ತಾರೆ. ಉಸಿರಿಲ್ಲದ ನಮ್ಮ ‘ಪಿನ್’ ಅವರ ಕಿವಿಗೆ ‘ಬಿನ್’ ಎಂದು ಬೀಳುವುದುಂಟು. ಕಾಗುಣಿತದ ನಂತರ ಯಾರೂ ಬಾಯಲ್ಲಿ ಬಳಸದ ನಮ್ಮ ಮಹಾಪ್ರಾಣಗಳು ಇಲ್ಲಿ ಕೆಲಸಕ್ಕೆ ಬರುತ್ತವೆ!

‘ಥ್ಯಾಂಕ್ಸ್’ ಎನ್ನುವಾಗ ನಾಲಗೆಯನ್ನು ಹಲ್ಲಿನ ನಡುವೆ ತರಬೇಕೆಂದು ಕೆಲವು ಪುಸ್ತಕಗಳು ಪುಟಗಟ್ಟಲೆ ಬೋಧಿಸುತ್ತವೆ. ನಮ್ಮ ತಕಾರದಿಂದ ಅರ್ಥ ಕೆಡುವುದು ಅಪರೂಪ. ಮಗುವನ್ನು ಇದಕ್ಕಾಗಿ ದಣಿಸುವುದು ನಮಗೆ ಸರಿದೋರದು.

ಈಗ ಕೈಯಲ್ಲಿಯ ಮೊಬೈಲೇ ಯಾವ ಪದವನ್ನಾದರೂ ನುಡಿದು ತೋರಿಸುತ್ತದೆಯಲ್ಲ, ಇಷ್ಟು ಶ್ರಮವೇಕೆಂದು ಕೇಳಬಹುದು. ನಾಲಗೆ ಅರಿಯದ ಭೇದವನ್ನು ಕಿವಿಯು ಸುಲಭವಾಗಿ ಹಿಡಿಯುವುದಿಲ್ಲ. ಮೊದಲು ಕನ್ನಡಿ, ಬೆರಳು, ದೀಪ, ಬಳಿಕ ಮೊಬೈಲು. ಪದದ ಯಾವ ಭಾಗಕ್ಕೆ ಒತ್ತು ಕೊಡಬೇಕೆಂಬುದು ಇವೆಲ್ಲಕ್ಕಿಂತ ತೊಡಕಿನ ವಿಷಯ. ಅದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.