ಸರ್ಕಾರಿ ಕ್ಷೌರದಂಗಡಿ ಎಂಬ ತಪ್ಪು ಮದ್ದು

ಹಳ್ಳಿಯ ಕ್ಷೌರದಂಗಡಿಗಳಲ್ಲಿ ದಲಿತರನ್ನು ಹೊರಗಿಡುವ ಪದ್ಧತಿಗೆ ಪರಿಹಾರವಾಗಿ, ಗ್ರಾಮ ಪಂಚಾಯಿತಿಗಳಲ್ಲಿ ಸರ್ಕಾರವೇ ಕ್ಷೌರದಂಗಡಿ ತೆರೆಯಬೇಕೆಂಬ ಪ್ರಸ್ತಾವ 2020ರ ಕೊನೆಯಲ್ಲಿ ಕರ್ನಾಟಕ ಸರ್ಕಾರದ ಮುಂದೆ ಬಂದಿತ್ತು. ಆಗ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪನವರು ಪ್ರತಿನಿಧಿಸುತ್ತಿದ್ದುದು ಶಿಕಾರಿಪುರವನ್ನು. ಪ್ರಸ್ತಾವದ ಹಿಂದಿನ ಕಳಕಳಿ ಪ್ರಾಮಾಣಿಕವೇ ಆಗಿದ್ದಿರಬಹುದು. ಆದರೂ ಅದು ತೋರಿದ ದಾರಿ ಅಸ್ಪೃಶ್ಯತೆಗೆ ಸರ್ಕಾರಿ ಖರ್ಚಿನಲ್ಲಿ ಸೂರು ಕಟ್ಟಿಕೊಡುವಂಥದ್ದು.

ನಿರಾಕರಣೆಯ ಆಜ್ಞೆ ಎಲ್ಲಿಂದ ಹೊರಡುತ್ತದೆ ಎಂಬುದನ್ನು ಈ ಪ್ರಸ್ತಾವ ಗಮನಿಸಲಿಲ್ಲ. ಆಯಗಾರ ಪದ್ಧತಿಯಲ್ಲಿ, ಎಂದರೆ ಕ್ಷೌರಿಕ, ಅಗಸ, ಬಡಗಿ ಮೊದಲಾದವರು ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ರೈತಾಪಿ ಮನೆಗಳಿಂದ ಧಾನ್ಯದ ಪಾಲು ಪಡೆಯುತ್ತಿದ್ದ ವ್ಯವಸ್ಥೆಯಲ್ಲಿ, ಯಾರ ತಲೆ ಮುಟ್ಟಬಹುದು, ಯಾರದನ್ನು ಮುಟ್ಟಬಾರದು ಎಂಬುದನ್ನು ನಿರ್ಧರಿಸುತ್ತಿದ್ದವರು ಭೂಮಿಯುಳ್ಳವರು. ಆಯ ಹೋಗಿ ನಗದು ಬಂದಿದೆ, ಕುರ್ಚಿ ಕನ್ನಡಿಗಳ ಕಟಿಂಗ್ ಶಾಪ್ ಬಂದಿದೆ; ಆದರೆ ಅನೇಕ ಹಳ್ಳಿಗಳಲ್ಲಿ ಆ ಅಧಿಕಾರ ಮಾತ್ರ ಕೈಬದಲಾಗಿಲ್ಲ. ಪರಿಶಿಷ್ಟರಿಗೆ ಕ್ಷೌರ ಮಾಡಿದ್ದಕ್ಕಾಗಿ ತಮ್ಮ ಕುಟುಂಬಕ್ಕೆ 50 ಸಾವಿರ ರೂಪಾಯಿ ದಂಡ ಹಾಕಿ ಬಹಿಷ್ಕರಿಸಲಾಗಿದೆ ಎಂದು ನಂಜನಗೂಡು ತಾಲ್ಲೂಕಿನ ಹಲ್ಲರೆಯ ಕ್ಷೌರಿಕರೊಬ್ಬರು 2020ರ ನವೆಂಬರ್‌ನಲ್ಲಿ ದೂರಿದ್ದರು. 2024ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ ಕ್ಷೌರದ ವಿಚಾರಕ್ಕೆ ಎದ್ದ ಜಗಳ ದಲಿತ ಯುವಕನ ಕೊಲೆಯಲ್ಲಿ ಕೊನೆಗೊಂಡಿತು. ಜಾತಿಯ ಅವಮಾನವನ್ನು ತಾನೂ ಉಂಡ ಕ್ಷೌರಿಕ ಸಮುದಾಯವು ತನಗಿಂತ ಕೆಳಗೆ ನೂಕಲ್ಪಟ್ಟವರ ಮೇಲೆ ಅದೇ ಅವಮಾನವನ್ನು ಹೇರುವಂತೆ ಈ ಶ್ರೇಣಿ ಮಾಡುತ್ತದೆ.

ಕಾನೂನಿನಲ್ಲಿ ಇಲ್ಲಿ ಗೊಂದಲವೇನೂ ಇಲ್ಲ. ಸಂವಿಧಾನದ 15ನೇ ವಿಧಿ ಅಂಗಡಿಗಳ ಪ್ರವೇಶದಲ್ಲಿ ಜಾತಿಭೇದವನ್ನು ನಿಷೇಧಿಸುತ್ತದೆ. ಕ್ಷೌರದಂಗಡಿಯೂ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂಬ ಸಂದೇಹ ಸಂವಿಧಾನ ಸಭೆಯಲ್ಲಿ ಎದ್ದಾಗ, ಸೇವೆ ಕೊಡುವ ಎಲ್ಲ ಸ್ಥಳಗಳನ್ನೂ ಒಳಗೊಳ್ಳುವಂತೆ ಅಂಬೇಡ್ಕರ್ ಅದನ್ನು ವಿವರಿಸಿದ್ದರು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೇ ಕಲಮು ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದನ್ನು ಅಪರಾಧವೆನ್ನುತ್ತದೆ. 10ನೇ ಕಲಮು ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ವಿಧಿಸುತ್ತದೆ. ಇಂಥ ಅಪರಾಧಗಳಲ್ಲಿ ಊರಿನವರು ಭಾಗಿಗಳಾಗಿದ್ದರೆ ಅವರ ಮೇಲೆ ಸಾಮೂಹಿಕ ದಂಡ ಹೇರುವ ಅಧಿಕಾರವನ್ನು 10ಎ ಕಲಮು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಇಷ್ಟು ಅಸ್ತ್ರಗಳನ್ನು ಕೈಯಲ್ಲಿಟ್ಟುಕೊಂಡ ಸರ್ಕಾರ ಕತ್ತರಿ ಹಿಡಿಯಲು ಹೊರಡುವುದು ಕರ್ತವ್ಯದಿಂದ ನುಣುಚಿಕೊಳ್ಳುವ ಉಪಾಯ.

ಸರ್ಕಾರಿ ಅಂಗಡಿ ಎಲ್ಲರಿಗೂ ತೆರೆದಿರುತ್ತದೆ ಎಂಬ ವಾದ ಕಾಗದದ ಮೇಲೆ ಸರಿ. ಆದರೆ ಖಾಸಗಿ ಅಂಗಡಿಯ ಬಾಗಿಲು ಮುಚ್ಚಿಯೇ ಇರುವ ಊರಿನಲ್ಲಿ ಅದು ದಲಿತರ ಅಂಗಡಿಯೆಂದೇ ಹೆಸರಾಗುತ್ತದೆ. ನಿರಾಕರಿಸುವವನಿಗೂ ‘ಅಲ್ಲಿಗೆ ಹೋಗಿ’ ಎಂದು ಕೈತೋರಿಸಲು ನೆಪ ಸಿಗುತ್ತದೆ. ಕರಿಯರಿಗೆ ಪ್ರತ್ಯೇಕ ರೈಲುಡಬ್ಬಿ ಒದಗಿಸಿದರೆ ಸಮಾನತೆಗೆ ಭಂಗವಿಲ್ಲವೆಂದು 1896ರಲ್ಲಿ ಒಪ್ಪಿದ್ದ ಅಮೆರಿಕದ ಸುಪ್ರೀಂ ಕೋರ್ಟ್, ಶಾಲೆಗಳ ಮಟ್ಟಿಗೆ ಆ ತರ್ಕವನ್ನು ತಳ್ಳಿಹಾಕಲು 1954ರವರೆಗೆ ಕಾಲ ತೆಗೆದುಕೊಂಡಿತು. ಅಲ್ಲಿ ಸೋತ ತರ್ಕವನ್ನು ಇಲ್ಲಿ ಕಲ್ಯಾಣ ಯೋಜನೆಯ ಹೆಸರಿನಲ್ಲಿ ತರುವ ಅಗತ್ಯವಿಲ್ಲ.

ರೂಢಿಯನ್ನು ಕಾನೂನು ಬದಲಿಸಲಾರದು ಎನ್ನುವವರಿಗೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯೇ ಉತ್ತರ. ಅಲ್ಲಿನ ರೇಣುಕಾಂಬೆಯ ಜಾತ್ರೆಯ ಬೆತ್ತಲೆ ಸೇವೆಯನ್ನು, ಎಂದರೆ ಹರಕೆ ಹೊತ್ತವರು ಬೆತ್ತಲಾಗಿ ದೇವಿಯ ಬಳಿಗೆ ಹೋಗುವ ಆಚರಣೆಯನ್ನು, 1986ರಲ್ಲಿ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆಯಿತು. ಸರ್ಕಾರ ಆಗ ಆಚರಣೆಗೆ ಬೇರೆ ಜಾಗ ಹುಡುಕಿಕೊಡಲಿಲ್ಲ, ಅದನ್ನು ನಿಷೇಧಿಸಿತು.

ಅದೇ ದೃಢತೆ ಇಲ್ಲಿಯೂ ಬೇಕು. ಎಲ್ಲರಿಗೂ ಸೇವೆ ಕೊಡುವ ಷರತ್ತನ್ನು ಪಂಚಾಯಿತಿಗಳು ಅಂಗಡಿಯ ಪರವಾನಗಿಯಲ್ಲೇ ಸೇರಿಸಬೇಕು. ಷರತ್ತು ಪಾಲಿಸಿ ಗಿರಾಕಿ ಕಳೆದುಕೊಂಡ ಕ್ಷೌರಿಕನಿಗೆ ರಕ್ಷಣೆಯೂ ನಷ್ಟಪರಿಹಾರವೂ ದೊರೆಯಬೇಕು. ಅವನನ್ನು ಬೆದರಿಸಿದ ಊರ ಮುಖಂಡರ ಹೆಸರು ದೋಷಾರೋಪ ಪಟ್ಟಿಯಲ್ಲಿ ಮೊದಲು ಬರಬೇಕು. ಎರಡು ನೆರೆ ತಾಲ್ಲೂಕುಗಳಾದ ಸೊರಬ ಮತ್ತು ಶಿಕಾರಿಪುರ ಬಂಗಾರಪ್ಪ, ಯಡಿಯೂರಪ್ಪ ಎಂಬ ಇಬ್ಬರು ಮುಖ್ಯಮಂತ್ರಿಗಳನ್ನು ರಾಜ್ಯಕ್ಕೆ ಕೊಟ್ಟಿವೆ. ಅಲ್ಲಿನ ಪಂಚಾಯಿತಿಗಳು ಈ ಷರತ್ತನ್ನು ಮೊದಲು ಜಾರಿಗೆ ತಂದರೆ, ಉಳಿದ ತಾಲ್ಲೂಕುಗಳಿಗೆ ಕೈಲಾಗದು ಎನ್ನಲು ಕಾರಣ ಉಳಿಯುವುದಿಲ್ಲ.